ಮದರಾಸಿನಲ್ಲಿ ಕಂಡ ಚುಕ್ಕಿ

ಮದರಾಸಿನ ನುಂಗಂಬಾಕ್ಕಂನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು 1792ರಲ್ಲಿ ಒಂದು ಖಗೋಳ ವೀಕ್ಷಣಾಲಯವನ್ನು ಕಟ್ಟಿಸಿದರು. ನೌಕಾಯಾನ ಮತ್ತು ಭೂಮಾಪನಗಳಿಗೆ ನೆರವಾಗಲೆಂಬುದು ಅವರ ಉದ್ದೇಶ. ಅಲ್ಲಿಂದಲೇ 1866ರ ಮೇ 16ರಂದು ನಾರ್ಮನ್ ರಾಬರ್ಟ್ ಪಾಗ್ಸನ್ ಎಂಬ ವಿದ್ವಾಂಸರು ಮಸುಕಾದ ಚುಕ್ಕಿಯೊಂದನ್ನು ಗುರುತಿಸಿದರು. ಅದೇ ಸಿಲ್ವಿಯಾ, ಕ್ಷುದ್ರಗ್ರಹಗಳ ಪಟ್ಟಿಯಲ್ಲಿ 87ನೆಯದು.

ಮಂಗಳ ಗುರುಗಳ ಕಕ್ಷೆಗಳ ನಡುವೆ ಸೂರ್ಯನನ್ನು ಸುತ್ತುವ ಸಣ್ಣ ಕಾಯಗಳು ಲಕ್ಷಾಂತರ. ಅವುಗಳಲ್ಲಿ ಮೊದಲನೆಯದಾದ ಸೀರಿಸ್ ಇಟಲಿಯ ಪಿಯಾಜಿಗೆ ಗೋಚರಿಸಿದ್ದು 1801ರಲ್ಲಿ. ಅಂದಿನ ದೂರದರ್ಶಕಗಳಲ್ಲಿ ಇವೆಲ್ಲ ನಕ್ಷತ್ರಗಳಂತೆ ಬರಿಯ ಚುಕ್ಕಿಗಳು. ಹಾಗಾದರೆ ಬೇರ್ಪಡಿಸಿ ಅರಿಯುವುದು ಹೇಗೆ? ನಕ್ಷತ್ರ ತನ್ನ ನೆರೆಹೊರೆಯನ್ನು ಬಿಟ್ಟು ಕದಲದು, ಗ್ರಹವಾದರೋ ಕದಲುತ್ತದೆ. ನಕ್ಷೆಯಲ್ಲಿಲ್ಲದ ಚುಕ್ಕಿ ಕಂಡರೆ ಅದರ ಸ್ಥಾನವನ್ನು ಬರೆದಿಟ್ಟುಕೊಂಡು, ಮತ್ತೆ ಮತ್ತೆ ನೋಡಬೇಕು. ಛಾಯಾಗ್ರಹಣದ ನೆರವಿಲ್ಲದ ಆ ಕಾಲದಲ್ಲಿ ಕಣ್ಣು ಮತ್ತು ತಾಳ್ಮೆ, ಇವೆರಡೇ ಬಂಡವಾಳ.

ಪಾಗ್ಸನ್ನರಲ್ಲಿ ಇವೆರಡೂ ಧಾರಾಳವಾಗಿದ್ದವು. ನಕ್ಷತ್ರಗಳ ಕಾಂತಿಯನ್ನು ಅಳೆಯಲು 1856ರಲ್ಲಿ ಅವರು ಸೂಚಿಸಿದ ಮಾನವೇ ಇಂದಿಗೂ ಬಳಕೆಯಲ್ಲಿದೆ. ಮದರಾಸಿಗೆ ಬಂದ 1861ರಲ್ಲೇ, ಏಪ್ರಿಲ್ 17ರಂದು, ಒಂದು ಕ್ಷುದ್ರಗ್ರಹವನ್ನು ಕಂಡರು. ಏಷ್ಯಾ ಖಂಡದಿಂದ ಕಂಡುಹಿಡಿದ ಮೊದಲನೆಯದಾದ್ದರಿಂದ ಅದಕ್ಕೆ ಏಷ್ಯಾ ಎಂದೇ ಹೆಸರಾಯಿತು. 1891ರಲ್ಲಿ ತೀರಿಕೊಳ್ಳುವವರೆಗೂ, ಮೂವತ್ತು ವರ್ಷ, ಅವರು ಮದರಾಸಿನಲ್ಲೇ ದುಡಿದರು. 1899ರಲ್ಲಿ ಅಲ್ಲಿಯ ಖಗೋಳ ಕಾರ್ಯ ಕೊಡೈಕೆನಾಲಿಗೆ ಸಾಗಿತು.

ಸಿಲ್ವಿಯಾದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸರಾಸರಿ ಸುಮಾರು 270 ಕಿಲೋಮೀಟರ್ ವ್ಯಾಸದ, ನೀಳಾಕಾರದ ಈ ಕಾಯ ಐದು ಗಂಟೆಗಳಿಗೆ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ತನ್ನ ಸುತ್ತ ತಾನು ತಿರುಗುತ್ತದೆ. ಸೂರ್ಯನನ್ನು ಸುತ್ತಲು ಆರೂವರೆ ವರ್ಷ ಬೇಕು. 2001ರಲ್ಲಿ ಇದಕ್ಕೊಂದು ಉಪಗ್ರಹ ಕಂಡಿತು. 2004ರಲ್ಲಿ ತೆಗೆದ ಚಿತ್ರಗಳಿಂದ ಇನ್ನೊಂದು ಕಂಡದ್ದು 2005ರಲ್ಲಿ ಪ್ರಕಟವಾಯಿತು. ಎರಡು ಉಪಗ್ರಹಗಳುಳ್ಳ ಕ್ಷುದ್ರಗ್ರಹ ತಿಳಿದುಬಂದದ್ದು ಅದೇ ಮೊದಲು. ರೋಮನ್ ಪುರಾಣದಲ್ಲಿ ರಿಯಾ ಸಿಲ್ವಿಯಾ ಅವಳಿಮಕ್ಕಳ ತಾಯಿ. ಆ ಮಕ್ಕಳಾದ ರೋಮುಲಸ್, ರೀಮಸ್ ಇವರ ಹೆಸರುಗಳನ್ನೇ ಉಪಗ್ರಹಗಳಿಗೆ ಇಟ್ಟರು.

ಮಕ್ಕಳು ತಾಯಿಯ ಒಡಲ ಗುಟ್ಟನ್ನು ಹೊರಗೆಡಹಿದರು. ಉಪಗ್ರಹ ಎಷ್ಟು ದೂರದಲ್ಲಿ, ಎಷ್ಟು ಕಾಲದಲ್ಲಿ ಸುತ್ತುತ್ತದೆಂದು ತಿಳಿದರೆ ನಡುವಣ ಕಾಯದ ದ್ರವ್ಯರಾಶಿಯನ್ನು ಗಣಿಸಬಹುದು. ಗಣಿಸಿದಾಗ ಸಿಲ್ವಿಯಾದ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಅಧಿಕವೆಂದು ತಿಳಿಯಿತು. ಇದು ಗಟ್ಟಿಬಂಡೆಯಲ್ಲ, ಒಳಗೆ ಬಹಳಷ್ಟು ಟೊಳ್ಳು. ಹಿಂದೆಂದೋ ನಡೆದ ಘರ್ಷಣೆಯಲ್ಲಿ ನುಚ್ಚುನೂರಾದ ಚೂರುಗಳು ಮತ್ತೆ ಒಂದುಗೂಡಿ ಆದ ರಾಶಿ ಇದು, ಮಿಕ್ಕ ಚೂರುಗಳೇ ಉಪಗ್ರಹಗಳು ಎಂಬುದು ವಿಜ್ಞಾನಿಗಳ ಊಹೆ.

ಇದೊಂದೂ ಪಾಗ್ಸನ್ನರಿಗೆ ತಿಳಿದಿರಲಿಲ್ಲ. ತಿಳಿಯುವ ಉಪಾಯವೂ ಆಗ ಇರಲಿಲ್ಲ. ಒಂದು ಚುಕ್ಕಿ ಇಂಥಲ್ಲಿತ್ತು, ಅಲ್ಲಿಂದ ಸರಿಯಿತು ಎಂದಷ್ಟೇ ಅವರು ಲೋಕಕ್ಕೆ ತಿಳಿಸಿದ್ದು. ನೂರಮೂವತ್ತೊಂಬತ್ತು ವರ್ಷಗಳ ತರುವಾಯ ಬೆಳಕಿಗೆ ಬಂದ ಆ ಸಂಸಾರದ ಮೊದಲ ಸುದ್ದಿ ಮದರಾಸಿನಿಂದಲೇ ಹೋಗಿತ್ತು.