ಗಿರಣಿಗೆ ಎರಡು ಬಾಯಿ

2019ರ ಆಗಸ್ಟ್ ಮಳೆಯನ್ನು ಬೆಳಗಾವಿ ಜಿಲ್ಲೆಯವರು ಯಾರೂ ಮರೆತಿಲ್ಲ. ಆ ಮಳೆಯ ಕತೆ ಹೇಳುವವರು ಹೊಳೆ, ಮನೆ, ದನಕರು ಅಂತ ಶುರು ಮಾಡ್ತಾರೆ. ನನ್ನದು ಬಲು ಸಣ್ಣ ಕತೆ, ರೂಪಾಯಿ ಬಿಲ್ಲೆಯಷ್ಟಿರುವ ಒಂದು ಬ್ಯಾಟರಿಯದು. ಅದಕ್ಕೆ ಬರುವ ಮೊದಲು ಹದಿನೇಳು ವರ್ಷ ಹಿಂದೆ ಹೋಗಬೇಕು.

2002ರಲ್ಲಿ ಇಂಟೆಲ್ ಮೊದಲು ಸರ್ವರ್‌ಗಳ ಝಿಯಾನ್‌ನಲ್ಲಿ, ನವೆಂಬರ್‌ನಲ್ಲಿ 3.06 ಗಿಗಾಹರ್ಟ್ಸ್ ಪೆಂಟಿಯಂ 4ರಲ್ಲಿ ಹೈಪರ್‌ಥ್ರೆಡಿಂಗ್ ತಂದಿತು. ಓಣಿಯ ಹಿಟ್ಟಿನ ಗಿರಣಿಗೆ ಕಲ್ಲು ಒಂದೇ, ಕಾಳು ಸುರಿಯುವ ಬಾಯಿ ಮಾತ್ರ ಎರಡು ಅಂದುಕೊಳ್ಳಿ. ಒಂದರಿಂದ ಜೋಳ ಇಳಿಯೋದು ತಡವಾದರೆ ಇನ್ನೊಂದರ ಗೋಧಿ ಬೀಳುತ್ತದೆ, ಕಲ್ಲು ಖಾಲಿ ತಿರುಗುವುದಿಲ್ಲ. ಇದಕ್ಕೆ ಚಿಪ್‌ನ ಗಾತ್ರ ಹೆಚ್ಚಿದ್ದು ಶೇ. 5ಕ್ಕಿಂತ ಕಡಿಮೆ. ಕೆಲಸ ಮಾತ್ರ ಶೇ. 30ರವರೆಗೂ ಹೆಚ್ಚುತ್ತದೆ ಅಂತ ಇಂಟೆಲ್ ಹೇಳಿಕೊಂಡಿತು.

ಆಗ ಇದನ್ನು ಬಂದ್ ಮಾಡುವ ಕಾರಣವೇ ಬೇರೆ ಇತ್ತು. ವಿಂಡೋಸ್ 2000ಕ್ಕೆ ಎರಡು ಬಾಯಿ ಯಾವುದು, ಎರಡು ಗಿರಣಿ ಯಾವುದು ಅಂತ ತಿಳೀತಿರಲಿಲ್ಲ. ಅದಕ್ಕೆ ಬಯೋಸ್‌ಗೆ ಹೋಗಿ ಆರಿಸಿಬಿಡೋದು ರೂಢಿ.

2005ರಲ್ಲಿ ಕಾಲಿನ್ ಪರ್ಸಿವಲ್ ಬೇರೆಯದೇ ತೋರಿಸಿದ. ಗಿರಣಿಗೆ ಹೋಗುವ ಹೆಂಗಸರಿಗೆ ಇದು ಹೊಸದಲ್ಲ: ನಿಮಗಿಂತ ಮೊದಲು ಯಾರೋ ಮೆಣಸಿನಕಾಯಿ ಬೀಸಿದ್ದರೆ ನಿಮ್ಮ ಹಿಟ್ಟೇ ಅದನ್ನು ಹೇಳುತ್ತದೆ. ಒಂದು ಬಾಯಿಯ ಪ್ರೋಗ್ರಾಂ ಕ್ಯಾಶ್ ಎಷ್ಟು ತಡ ಮಾಡಿತು ಅಂತ ಅಳೆದು, ಪಕ್ಕದ ಬಾಯಿಯ ಗುಪ್ತ ಕೀಲಿಯನ್ನು ಕದಿಯಬಹುದಿತ್ತು. ಫ್ರೀಬಿಎಸ್‌ಡಿ ಆಗಲೇ ಹೈಪರ್‌ಥ್ರೆಡಿಂಗ್ ಆರಿಸಿತು. ಉಳಿದವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 2018ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಆರಿಸಿತು, ಆಗಸ್ಟ್‌ನಲ್ಲಿ ಫೋರ್‌ಶ್ಯಾಡೋ ಬಯಲಾಯಿತು, ಲಿನಕ್ಸ್‌ಗೆ ಸ್ವಂತ ಸ್ವಿಚ್ ಬಂತು. 2019ರ ಮೇನಲ್ಲಿ ಝಾಂಬಿಲೋಡ್ ಬಂದಾಗ ಗೂಗಲ್ ಕ್ರೋಮ್ ಓಎಸ್‌ನಲ್ಲೂ ಬಂದ್ ಮಾಡಿತು.

ನಾವಿಬ್ಬರು ಪಾಲುದಾರರು. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸರ್ವರ್, ಖಾನಾಪುರದಲ್ಲಿ ಇನ್ನೊಂದು ಹಳೆಯದು. ಒಂದೊಂದರಲ್ಲೂ ಎರಡು ಮೂರು ಪತ್ತಿನ ಸಂಘಗಳ ಲೆಕ್ಕ, ಬೇರೆ ಬೇರೆ ವರ್ಚುವಲ್ ಮಶಿನ್‌ಗಳಲ್ಲಿ. ಒಂದು ಸಂಘದ ಪಿಗ್ಮಿ ಖಾತೆ ಇನ್ನೊಂದಕ್ಕೆ ಕಾಣಬಾರದು. ಆರಿಸಬೇಕು ಅನ್ನೋದರಲ್ಲಿ ತಕರಾರಿರಲಿಲ್ಲ, ಎಲ್ಲಿ ಆರಿಸೋದು ಅನ್ನೋದೇ ಜಗಳ.

"ಬಯೋಸ್‌ನ್ಯಾಗ ಆರಿಸಿದ್ರ ಎರಡನೇ ಬಾಯಿ ಐತಿ ಅನ್ನೂದ ಕರ್ನಲ್‌ಗೆ ಗೊತ್ತಾಗೂದಿಲ್ರಿ. ನಿಮ್ಮ ಲಿನಕ್ಸ್ ಮೊದಲ ಎಬ್ಬಸ್ತೈತಿ, ಆಮ್ಯಾಲ ಮಲಗಸ್ತೈತಿ" ಅಂದ ಅವನು.

ಅವನ ಮಾತು ಖರೆ. ಲಿನಕ್ಸ್‌ನಲ್ಲಿ ಆರಿಸಿದರೂ ಬೂಟ್ ಆಗುವಾಗ ಪ್ರತಿ ಥ್ರೆಡ್ಡನ್ನೂ ಒಮ್ಮೆ ಎಬ್ಬಿಸಲೇಬೇಕು. ಹಾರ್ಡ್‌ವೇರ್ ದೋಷದ ಸಂಕೇತ ಎಲ್ಲ ಥ್ರೆಡ್‌ಗಳಿಗೂ ಹೋಗುತ್ತದೆ. ಅದನ್ನು ಎದುರಿಸಲು ತಯಾರಿಲ್ಲದ ಒಂದು ಥ್ರೆಡ್ ಉಳಿದರೂ ಇಡೀ ಯಂತ್ರವೇ ಬಿದ್ದುಬಿಡುತ್ತದೆ. ಎಬ್ಬಿಸಿ, ತಯಾರು ಮಾಡಿ, ಮಲಗಿಸುವುದು ಅದಕ್ಕೇ. ಮಲಗಿದ್ದು ಬಿಟ್ಟುಕೊಟ್ಟ ಬಫರ್‌ಗಳು ಎದ್ದಿರುವುದಕ್ಕೆ ಸಿಗುತ್ತವೆ, ವೇಗದಲ್ಲಿ ನಷ್ಟ ಅಂತೇನಿಲ್ಲ. ಹೀಗೆ ಮಲಗಿಸಿದ ಯಂತ್ರ ಹೈಬರ್ನೇಟ್‌ನಿಂದ ಏಳುವಾಗ ಬೀಳುವ ದೋಷವೊಂದಿತ್ತು, 2019ರಲ್ಲಿ ಸರಿಹೋಯಿತು. ಸರ್ವರ್‌ಗೆ ಅದರ ಗೊಡವೆ ಇಲ್ಲ.

ನನ್ನ ವಾದ ಒಂದೇ: ಕರ್ನಲ್‌ನಲ್ಲಿ ಬರೆದದ್ದು ಡಿಸ್ಕ್‌ನಲ್ಲಿರುತ್ತದೆ, ಕೂತಲ್ಲಿಂದಲೇ ನೋಡಬಹುದು. ಬಯೋಸ್ ನೋಡಬೇಕಾದರೆ ಖಾನಾಪುರದ ಬಸ್ ಹತ್ತಬೇಕು. ಕೊನೆಗೆ ಅವನದರಲ್ಲಿ ಅವನು, ನನ್ನದರಲ್ಲಿ ನಾನು ಅಂತಾಯಿತು.

ಆಗಸ್ಟ್‌ನಲ್ಲಿ ಖಾನಾಪುರದ ಆ ಆಫೀಸಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಹಳೇ ಬೋರ್ಡು, ಅದರ ಸಿಆರ್ 2032 ಸೆಲ್ ಯಾವಾಗಲೋ ಸತ್ತಿತ್ತು. ಕರೆಂಟ್ ಬಂದಾಗ ಬಯೋಸ್ ತನ್ನ ಹುಟ್ಟುಗುಣಕ್ಕೆ ಮರಳಿ, ಹೈಪರ್‌ಥ್ರೆಡಿಂಗ್ ಚಾಲೂ ಆಗಿತ್ತು. ತಾರೀಖೂ ಕೆಟ್ಟಿರಬೇಕು. ಆದರೆ ಇಂಟರ್ನೆಟ್ ಸಿಕ್ಕ ಕೂಡಲೇ ಗಡಿಯಾರ ತಾನಾಗಿ ಸರಿಹೋದದ್ದರಿಂದ ಯಾರಿಗೂ ಸುಳಿವು ಸಿಗಲಿಲ್ಲ. ಖಂಡೇಪೂಜೆಗೆ ಮಶಿನ್ ಒರೆಸಲು ಹೋದವನು ಸುಮ್ಮನೆ ಒಂದು ಕಮಾಂಡ್ ಹೊಡೆದು ನೋಡಿದ. ಕೋರ್‌ಗೆ ಥ್ರೆಡ್: 2. ಎರಡು ತಿಂಗಳು ಹಾಗೇ ನಡೆದಿತ್ತು.

ಹೇಳೋದೋ ಬಿಡೋದೋ ಅಂತ ಅವತ್ತು ರಾತ್ರಿ ಒಂದು ಗಂಟೆ ಫೋನಿನಲ್ಲಿ ಜಗಳಾಡಿದೆವು. ಮರುದಿನ ಇಬ್ಬರೂ ಸಂಘದ ಕಾರ್ಯದರ್ಶಿಯ ಮುಂದೆ ಕೂತೆವು. ಎಲ್ಲ ಕೇಳಿ ಅವರು ಅಂದದ್ದಿಷ್ಟು: "ಯಾರರೆ ನೋಡ್ಯಾರೇನ್ರಿ ಹಂಗಾರ?"

ನೋಡಿರುವ ಸಂಭವ ತೀರಾ ಕಡಿಮೆ, ನೆರೆಯ ಸಂಘಗಳಲ್ಲಿ ಅಂಥ ಕೈಚಳಕದವರು ಎಲ್ಲಿಂದ ಬರಬೇಕು! ಆದರೆ ಇಂಥ ಕಳ್ಳತನ ಲಾಗ್‌ನಲ್ಲಿ ಹೆಜ್ಜೆ ಗುರುತು ಬಿಡುವುದಿಲ್ಲ. "ನೋಡಿಲ್ಲ ಅಂತ ಆಣೆ ಮಾಡಾಕ ಬರೂದಿಲ್ರಿ ಸಾಹೇಬ್ರ" ಅಂದೆ. ಅವರು ಬೈಯಲಿಲ್ಲ. ಕಾಗದದ ಮೇಲೆ ಬರೆದುಕೊಡಿ ಅಂದರು, ಬರೆದುಕೊಟ್ಟೆವು. ಮುಂದಿನ ಮಾರ್ಚ್‌ಗೆ ಆ ಸಂಘ ನಮ್ಮನ್ನು ಬಿಟ್ಟಿತು. ಇನ್ನೊಂದು ಉಳಿಯಿತು.

2024ರಲ್ಲಿ ಇಂಟೆಲ್ ತನ್ನ ಕೋರ್ ಅಲ್ಟ್ರಾ 200ವಿ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಹೈಪರ್‌ಥ್ರೆಡಿಂಗ್ ಕೈಬಿಟ್ಟಿತು, ಆರಿಸುವ ಪ್ರಶ್ನೆಯೇ ಇಲ್ಲ. ನಮ್ಮ ಸರ್ವರ್‌ಗಳು ಇನ್ನೂ ಹಳೆಯವೇ. ಎರಡರಲ್ಲೂ ಬಯೋಸ್‌ನಲ್ಲೂ ಆರಿಸಿದ್ದೇವೆ, ಕರ್ನಲ್‌ನಲ್ಲೂ ಆರಿಸಿದ್ದೇವೆ. ಬೆಳಿಗ್ಗೆ ಆರಕ್ಕೆ ಥ್ರೆಡ್ ಎಷ್ಟು ಅಂತ ಇಬ್ಬರ ಫೋನಿಗೂ ಮೆಸೇಜ್ ಬರುತ್ತದೆ.