ಹಸಿರು ಹೊಳಪನ್ನು ಓದುವ ಕಣ್ಣು

ಈಗೀಗ ನರರೋಗ ವಾರ್ಡುಗಳಿಂದ ಲ್ಯಾಬಿಗೆ ಬರುವ ಚೀಟಿಗಳಲ್ಲಿ ಒಂದೇ ಸಾಲು ಇರುತ್ತದೆ: ‘ಆಟೊಇಮ್ಯೂನ್ ಪ್ಯಾನೆಲ್’. ರೋಗಿಗೆ ಏನಾಗಿದೆ, ಎಷ್ಟು ದಿನದಿಂದ, ಯಾವುದರ ಅನುಮಾನ ಎಂಬ ಜಾಗವೆಲ್ಲ ಖಾಲಿ. ಸಕ್ಕರೆ ಪರೀಕ್ಷೆಯ ಹಾಗೆ ಇಲ್ಲೂ ಒಂದು ಉತ್ತರ ಬರುತ್ತದೆ, ಆ ಉತ್ತರವೇ ರೋಗ ಎಂಬ ನಂಬಿಕೆ ಬೇರೂರುತ್ತಿದೆ. ಎರಡು ದಶಕ ಕತ್ತಲೆ ಕೋಣೆಯಲ್ಲಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನ ಮುಂದೆ ಕೂತ ನನಗೆ ಇದನ್ನು ನೋಡಿ ಸುಮ್ಮನಿರಲಾಗುತ್ತಿಲ್ಲ.

ಮೈಯಸ್ಥೀನಿಯಾ ಗ್ರೇವಿಸ್ ನಮ್ಮದೇ ರೋಗನಿರೋಧಕ ವ್ಯವಸ್ಥೆ ತಿರುಗಿಬಿದ್ದು ಬರುವ ಕಾಯಿಲೆಯಿರಬಹುದೆಂದು ಗ್ಲಾಸ್ಗೋದ ಸಿಂಪ್ಸನ್ 1960ರಲ್ಲೇ ಊಹಿಸಿದ್ದರು. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರೋಮ್ ವಿದ್ಯುತ್ ಈಲ್ ಮೀನಿನ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದಾಗ ಅವು ಕತ್ತೆತ್ತಲಾಗದೆ ಸೊರಗಿದವು. ಮೂರು ವರ್ಷಗಳಲ್ಲಿ ರೋಗಿಗಳ ರಕ್ತದಲ್ಲಿ ಆ ಗ್ರಾಹಕದ ವಿರುದ್ಧದ ಪ್ರತಿಕಾಯವನ್ನು ಅಳೆಯುವ ವಿಧಾನ ಬಂತು. ಗ್ರಾಹಕವನ್ನು ಗುರುತು ಹಚ್ಚಲು ಬಳಸಿದ್ದು ಕಟ್ಟುಹಾವಿನ ಜಾತಿಯ ಒಂದು ಹಾವಿನ ವಿಷ. ನಮ್ಮ ಹಳ್ಳಿಗಳಲ್ಲಿ ಕಟ್ಟುಹಾವು ಕಚ್ಚಿದವರ ರೆಪ್ಪೆ ಜೋತುಬೀಳುವುದನ್ನು ಕಂಡವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ. ಎಂಬತ್ತರ ದಶಕದಲ್ಲಿ ಹೂ, ಯೋ ಬಂದವು. ರೋಗಿಗಳ ಹೆಸರಿನ ಮೊದಲ ಅಕ್ಷರಗಳಿಂದ ಕರೆಸಿಕೊಂಡ ಈ ಪ್ರತಿಕಾಯಗಳು ಎಲ್ಲೋ ಅಡಗಿದ ಕ್ಯಾನ್ಸರಿನ ಸುಳಿವು ಕೊಡುತ್ತವೆ. ಆದರೆ ಅಲ್ಲಿ ನರಕೋಶವನ್ನು ಕೊಲ್ಲುವ ಕೆಲಸ ಮುಖ್ಯವಾಗಿ ಟಿ-ಕೋಶಗಳದ್ದು.

ನಿಜವಾದ ಹೊರಳು 2004ರಲ್ಲಿ. ಮೇಯೊ ಕ್ಲಿನಿಕ್ಕಿನ ವಾಂಡಾ ಲೆನನ್ ಮತ್ತು ಸಂಗಡಿಗರು ಇಲಿಯ ಮೆದುಳಿನ ತೆಳು ಸೀಳಿನ ಮೇಲೆ ರೋಗಿಗಳ ಸೀರಂ ಹನಿಸಿ, ಸಣ್ಣ ರಕ್ತನಾಳಗಳ ಗುಂಟ ಹೊಳೆಯುವ ಒಂದು ವಿನ್ಯಾಸ ಕಂಡರು. ನ್ಯೂರೋಮಯಲೈಟಿಸ್ ಆಪ್ಟಿಕಾ ಇದ್ದವರಲ್ಲಿ 73% ಮಂದಿಗೆ ಅದು ಇತ್ತು. ಮರುವರ್ಷ ಅದರ ಗುರಿ ಅಕ್ವಾಪೊರಿನ್-4 ಎಂಬ ನೀರಿನ ಕಾಲುವೆ ಎಂದು ತಿಳಿಯಿತು. ಕಣ್ಣಿನ ನರ, ಬೆನ್ನುಹುರಿ ಎರಡೂ ಕೆಟ್ಟವರನ್ನು ಅಲ್ಲಿಯವರೆಗೆ ಮಲ್ಟಿಪಲ್ ಸ್ಕ್ಲೀರೋಸಿಸ್ ಬುಟ್ಟಿಗೆ ಹಾಕಿ ಇಂಟರ್‌ಫೆರಾನ್ ಕೊಡುವುದಿತ್ತು. ಈ ರೋಗಕ್ಕೆ ಆ ಔಷಧ ಉಪಕಾರಕ್ಕಿಂತ ಅಪಕಾರ ಮಾಡಬಲ್ಲದು. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಕಟ್ಟಿದ ನೋಂದಣಿಯ ಬೆಲೆ ಇಲ್ಲಿ ತಿಳಿಯುತ್ತದೆ. ಜಪಾನಿನ ತಜ್ಞರ ಜೊತೆ ಸೇರಿ, ದಕ್ಷಿಣ ಭಾರತದ ರೋಗಿಗಳಲ್ಲಿ ಈ ಪ್ರತಿಕಾಯಗಳನ್ನು ಹುಡುಕಿದ ಕೆಲಸ ಅದು. ನಮ್ಮ ಸಮ್ಮೇಳನಗಳಲ್ಲಿ ಅದರ ಮಾತು ಬರುವುದು ಅಪರೂಪ.

ನಮ್ಮ ಪೀಳಿಗೆಗೆ ಪಾಠ ಕಲಿಸಿದ್ದು ಮಾತ್ರ ನರದ ಹೊದಿಕೆಯಾದ ಮಯಲಿನ್ನಿನ ಮಾಗ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ. ಅದು ಇದ್ದವರು ಬೇಗನೆ ಮಲ್ಟಿಪಲ್ ಸ್ಕ್ಲೀರೋಸಿಸ್‌ಗೆ ಜಾರುತ್ತಾರೆಂದು 2003ರಲ್ಲಿ ದೊಡ್ಡ ಪತ್ರಿಕೆಯೊಂದರಲ್ಲಿ ಪ್ರಬಂಧ ಬಂತು, ಎಲ್ಲರೂ ಕುಣಿದೆವು. 2007ರಲ್ಲಿ ಅದೇ ಪತ್ರಿಕೆಯಲ್ಲಿ ಹಾಗೇನಿಲ್ಲ ಎಂದು ಇನ್ನೊಂದು ಬಂತು. ತಪ್ಪಿದ್ದು ಎಲ್ಲಿ? ವೆಸ್ಟರ್ನ್ ಬ್ಲಾಟಿನಲ್ಲಿ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ. ರೋಗ ತರುವ ಪ್ರತಿಕಾಯ ಹಿಡಿಯುವುದು ಮಡಿಕೆಯಲ್ಲಿರುವ ಆಕಾರವನ್ನು. ಇಸ್ತ್ರಿ ಹೊಡೆದು ಚಪ್ಪಟೆ ಮಾಡಿದ ಪೇಟವನ್ನು ತೋರಿಸಿ, ಇದು ಯಾರ ತಲೆಯದೆಂದು ಕೇಳಿದ ಹಾಗೆ. ಎಚ್‌ಇಕೆ ಕೋಶಗಳಿಗೆ ಜೀನ್ ತೂರಿಸಿ, ಪೂರ್ಣ ಮಾಗ್ ಅನ್ನು ಅವುಗಳ ಹೊರಮೈ ಮೇಲೆ ಅದರ ಸಹಜ ರೂಪದಲ್ಲೇ ಮೂಡಿಸಿ ನೋಡಿದಾಗ ಬೇರೆಯೇ ರೋಗವೊಂದು ಎದ್ದು ನಿಂತಿತು. ರೋಗಿಯ ಪ್ರತಿಕಾಯಕ್ಕೆ ಅಂಟಿ ಹೊಳೆಯುವ ಎರಡನೆಯ ಪ್ರತಿಕಾಯ ಯಾವುದೆಂಬುದರ ಮೇಲೂ ಫಲಿತಾಂಶ ಬದಲಾಗುತ್ತದೆ. ಐಜಿಜಿ1 ಒಂದನ್ನೇ ಹಿಡಿಯುವುದಾದರೆ ಸುಳ್ಳು ಹೊಳಪು ಕಡಿಮೆ. ಈ ರೋಗವನ್ನು ಗುರುತಿಸುವ 2023ರ ಮಾನದಂಡಗಳಂತೂ ಮಸುಕು ಫಲಿತಾಂಶವನ್ನು ರೋಗಲಕ್ಷಣ, ಎಂಆರ್‌ಐ ಪುರಾವೆಗಳಿಲ್ಲದೆ ಒಪ್ಪುವುದೇ ಇಲ್ಲ.

ಎನ್‌ಎಂಡಿಎ ಗ್ರಾಹಕದ ವಿರುದ್ಧದ ಪ್ರತಿಕಾಯದಿಂದ ಬರುವ ಎನ್‌ಸೆಫಲೈಟಿಸ್, ಅಂದರೆ ಮೆದುಳಿನ ಉರಿಯೂತದ ಕಥೆ ಎಲ್ಲರಿಗೂ ಗೊತ್ತು. 2007ರಲ್ಲಿ ಹೋಸೆಪ್ ಡಾಲ್ಮೌ ವಿವರಿಸಿದ 12 ಹೆಣ್ಣುಮಕ್ಕಳಿಗೆ ಟೆರಟೋಮಾ ಗಡ್ಡೆಯಿತ್ತು. ನಮ್ಮಲ್ಲಿ ಇಂಥವರು ಮೊದಲು ‘ಮೈಮೇಲೆ ಬಂದಿದೆ’ ಎಂದು ದೇವಸ್ಥಾನಕ್ಕೆ, ಆಮೇಲೆ ಮನೋರೋಗ ವಾರ್ಡಿಗೆ ಹೋಗಿ ಕೊನೆಗೆ ನಮ್ಮ ಬಳಿ ಬರುತ್ತಾರೆ. ಗೊತ್ತಿದ್ದೂ ಮರೆಯುವ ಸಂಗತಿ ಬೇರೆ: 250 ರೋಗಿಗಳ 2014ರ ಅಧ್ಯಯನದಲ್ಲಿ ಬೆನ್ನುಹುರಿಯ ದ್ರವದಲ್ಲಿ ಪ್ರತಿಯೊಬ್ಬರಿಗೂ ಪ್ರತಿಕಾಯ ಸಿಕ್ಕಿತು, ಸೀರಂನಲ್ಲಿ ಸುಮಾರು 86% ಮಂದಿಗೆ ಮಾತ್ರ. ಆದರೂ ನಮಗೆ ಬರುವುದು ರಕ್ತದ ಟ್ಯೂಬ್. ಬೆನ್ನಿಗೆ ಸೂಜಿ ಎಂದರೆ ಮನೆಯವರು ಹೆದರುತ್ತಾರೆ, ಒಪ್ಪಿಸುವ ತಾಳ್ಮೆ ವೈದ್ಯರಿಗಿಲ್ಲ. ಎಲ್‌ಜಿಐ1 ಪ್ರತಿಕಾಯದ ವಿಷಯದಲ್ಲಿ ಇದು ಉಲ್ಟಾ, ಅಲ್ಲಿ ಸೀರಂ ವಾಸಿ.

ಎನ್‌ಸೆಫಲೈಟಿಸ್ ಅಲ್ಲದ್ದನ್ನು ಆಟೊಇಮ್ಯೂನ್ ಎನ್‌ಸೆಫಲೈಟಿಸ್ ಎಂದು ವೈದ್ಯರು ತಪ್ಪಾಗಿ ಗುರುತಿಸಿದ್ದ 107 ಮಂದಿಯ ಪಟ್ಟಿಯೊಂದು 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಜನರ ವಿಷಯದಲ್ಲಿ ದಾರಿ ತಪ್ಪಿಸಿದ್ದು ಸೀರಂ ಪ್ರತಿಕಾಯಕ್ಕೆ ಕೊಟ್ಟ ಅತಿಯಾದ ಮಾನ್ಯತೆ.

ಪ್ರತಿಕಾಯವಿದ್ದರೆ ಗೆರೆ ಮೂಡಿಸುವ ಸ್ಟ್ರಿಪ್ ಕಿಟ್‌ಗಳು ಅಗ್ಗ, ಬೇಗ, ಬೇಡವೆನ್ನುವವ ನಾನಲ್ಲ. ಆದರೆ ಇಲಿ ಮೆದುಳಿನ ಸೀಳು ಕೊಯ್ದು, ಪರ್ಕಿಂಜೆ ಕೋಶ ಹೊಳೆಯಿತೋ ಹಿಪ್ಪೊಕ್ಯಾಂಪಸ್ ಹೊಳೆಯಿತೋ ಎಂದು ಬಿಡಿಸಿ ಹೇಳುವ ಕೈ, ಕಣ್ಣುಗಳನ್ನು ಈಗ ಯಾರು ತಯಾರು ಮಾಡುತ್ತಿದ್ದಾರೆ? ಕೆಲವು ವರ್ಷಗಳ ಹಿಂದೆ ತೂರಾಡುತ್ತ ನಡೆಯುತ್ತಿದ್ದ ಒಬ್ಬ ಹೆಂಗಸಿನ ಮಾದರಿ ಬಂತು. ಹೊರಗಿನ ಲ್ಯಾಬೊಂದರ ಸ್ಟ್ರಿಪ್ಪಿನಲ್ಲಿ ಯೋ ಎದುರು ಮಸುಕು ಗೆರೆ ಇತ್ತು, ವರದಿಯಲ್ಲಿ ‘ಪಾಸಿಟಿವ್’ ಎಂದಿತ್ತು. ನಮ್ಮ ಸೀಳಿನ ಮೇಲೆ ಪರ್ಕಿಂಜೆ ಕೋಶಗಳು ಕಗ್ಗತ್ತಲಾಗಿದ್ದವು. ಅವರಿಗಿದ್ದದ್ದು ಬಿ12 ಕೊರತೆ. ಅಷ್ಟು ಹೊತ್ತಿಗಾಗಲೇ ಅಂಡಾಶಯದ ಗಡ್ಡೆ ಹುಡುಕಲೆಂದು ಎರಡು ಬಾರಿ ಪೆಟ್ ಸ್ಕ್ಯಾನ್ ಮಾಡಿಸಿದ್ದರು.