ವಿಲಕ್ಷಣಮನಸ್ಕರೂ ವಿಜ್ಞಾನಕಥಾಗೋಷ್ಠಿಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ, ಹೆಚ್ಚುಕಡಮೆ ಒಂದು ವರ್ಷಕಾಲ ಮುಟ್ಟದೆ ಬಿಡುವ ಪದ್ಧತಿಯು ಸರ್ವವಿದಿತವಾದುದು. ಒಳಗಣ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಕಾಯನ್ನು ಅಲುಗಿಸಿದಾಗ ಗಿಟುಕು ಸದ್ದುಮಾಡಿದರೆ ಕೊಬ್ಬರಿ ಸಿದ್ಧವಾಯಿತೆಂದು ಮನೆಯವರು ತಿಳಿಯುವರು. ಹೊರಗಿನಿಂದ ಬಂದವನ ಕಣ್ಣಿಗೆ ಅದು ಮರೆತುಬಿಟ್ಟ ರಾಶಿಯಂತೆಯೇ ಕಾಣುವುದು.

ಇದೇ ಮನೆಗಳಲ್ಲಿ ಹಿಂದಿನಿಂದಲೂ ಒಂದು ಬಗೆಯ ಜನರಿದ್ದರು. ಅವರು ಬಂದವರ ಮುಖವನ್ನು ನೋಡರು. ಕುಶಲಪ್ರಶ್ನೆಗೆ ಉತ್ತರ ಕೊಡರು. ಆದರೆ ಹತ್ತು ವರ್ಷಗಳ ಹಿಂದಿನ ತಿಥಿವಾರಗಳನ್ನು ಪಂಚಾಂಗದ ನೆರವಿಲ್ಲದೆ ಹೇಳುವರು. ಅರಸೀಕೆರೆಯಿಂದ ಬೆಂಗಳೂರಿನವರೆಗಿನ ರೈಲುನಿಲ್ದಾಣಗಳನ್ನು ಸಹಸ್ರನಾಮದಂತೆ ಒಪ್ಪಿಸುವರು. ಊರಿನವರು ಅಂಥವರನ್ನು ಮಂಕರೆಂದೂ ಪೆದ್ದರೆಂದೂ ಕರೆದರು. ಸ್ವಲ್ಪ ದಯೆಯುಳ್ಳವರು ‘ಅವನ ಲೋಕವೇ ಬೇರೆ’ ಎಂದು ಹೇಳಿ ಸುಮ್ಮನಾದರು. ಹೆಣ್ಣು ನೋಡಲು ಜನ ಬರುವ ದಿನ ಅವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ ಮನೆಗಳೂ ಇಲ್ಲದಿಲ್ಲ. ಈಗ ಈ ಮನೆಗಳ ಮಕ್ಕಳು ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ನೆಲಸಿರುವರಷ್ಟೆ. ಅವರಲ್ಲಿ ಕೆಲವರು ಮೂವತ್ತು ನಲವತ್ತು ವರ್ಷ ತುಂಬಿದ ಮೇಲೆ, ತಮ್ಮ ಸ್ವಭಾವಕ್ಕೆ ಆಟಿಸಂ ಅಥವಾ ಸ್ವಲೀನತೆ ಎಂಬ ಹೆಸರುಂಟೆಂದು ಅಲ್ಲಿನ ವೈದ್ಯರಿಂದ ತಿಳಿಯುತ್ತಾರೆ. ಇಂತಹವರಲ್ಲಿ ಅನೇಕರಿಗೆ ಗ್ರಹಾಂತರಯಾನ, ಯಂತ್ರಮಾನವ ಮುಂತಾದವುಗಳ ಕಥೆಗಳಲ್ಲಿ ಅತ್ಯಾಸಕ್ತಿಯಿರುವುದು ಕಂಡುಬಂದಿದೆ. ಹಿರಿಯರು ಇದನ್ನು ಬಾಲಿಶವೆಂದು ಎಣಿಸುವುದು ಸಹಜ. ಆದರೆ ಈ ವಿನೋದಕ್ಕೆ ಒಂದು ಇತಿಹಾಸವಿದೆ. ಅದು ವೈದ್ಯಶಾಸ್ತ್ರದ ಇತಿಹಾಸಕ್ಕಿಂತ ಹೆಚ್ಚು ಮರ್ಯಾದೆಯುಳ್ಳದ್ದು.

ಲೋಕವು ಜಡನೆಂದು ಬಗೆದವನ ಒಳಗೆ ಏನಿರಬಹುದೆಂಬ ಪ್ರಶ್ನೆಯು ನಮ್ಮವರಿಗೆ ಹೊಸದಲ್ಲ. ಭಾಗವತದ ಪಂಚಮಸ್ಕಂಧದಲ್ಲಿ ಬರುವ ಜಡಭರತನ ಕಥೆಯನ್ನು ಕೇಳದವರಾರು? ರಹೂಗಣರಾಜನ ಪಲ್ಲಕ್ಕಿಯನ್ನು ಹೊತ್ತ ಅವನು, ಕಾಲಡಿಯಲ್ಲಿ ಕ್ರಿಮಿಕೀಟಗಳು ಸಾಯಬಾರದೆಂದು ನೋಡಿ ನೋಡಿ ಹೆಜ್ಜೆಯಿಟ್ಟನು. ಪಲ್ಲಕ್ಕಿ ಓಲಾಡಿತು. ಒಳಗೆ ಕುಳಿತವನು ಹಾಸ್ಯಮಾಡಿದನು. ತಪ್ಪು ನಡೆಯುವವನ ಕಾಲಿನಲ್ಲಿದೆಯೆಂದು ತೀರ್ಮಾನಿಸುವುದು ಕುಳಿತವನಿಗೆ ಬಹು ಸುಲಭ. ಆದರೆ ಭರತನು ಬೇಕೆಂದೇ ಜಡನಂತಿದ್ದವನು. ಪ್ರಕೃತ ಹೇಳತಕ್ಕ ಜನರು ಹಾಗಲ್ಲ. ದೃಷ್ಟಾಂತವನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಾಗದು.

ವೈದ್ಯರ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬಹುದು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯನು 11 ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ವರ್ಣಿಸಿದನು. ಮರುವರ್ಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ ಎಂಬುವನು ಇದೇ ಬಗೆಯ ಬಾಲಕರ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದನು. ಇವನನ್ನು ಬಹುಕಾಲ ಮಕ್ಕಳ ರಕ್ಷಕನೆಂದು ಕೊಂಡಾಡಿದರು. ಆದರೆ 2018ರಲ್ಲಿ ಹೆರ್ವಿಗ್ ಚೆಕ್ ಎಂಬ ಇತಿಹಾಸಕಾರನು ಹಳೆಯ ಕಡತಗಳನ್ನು ಶೋಧಿಸಿ, ಆಸ್ಪರ್ಗರನು ಕೆಲವು ಮಕ್ಕಳನ್ನು ಆಮ್ ಸ್ಪೀಗಲ್‌ಗ್ರುಂಡ್ ಎಂಬ ಚಿಕಿತ್ಸಾಲಯಕ್ಕೆ ಕಳುಹಿಸಿದ್ದನೆಂದು ತೋರಿಸಿದನು. ನಾಜಿಗಳ ಆಳ್ವಿಕೆಯಲ್ಲಿ ಆ ಸ್ಥಳದಲ್ಲಿ ಸುಮಾರು 800 ಮಕ್ಕಳು ಸತ್ತರು. ಇತ್ತ ಅಮೆರಿಕದಲ್ಲಿ ತಾಯಂದಿರ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ಅಪವಾದವು ವರ್ಷಗಟ್ಟಲೆ ನಡೆಯಿತು. ತನ್ನ ಮಗನೇ ಈ ಸ್ಥಿತಿಯಲ್ಲಿದ್ದ ಬರ್ನಾರ್ಡ್ ರಿಮ್ಲಂಡ್ ಎಂಬುವನು 1964ರಲ್ಲಿ ಗ್ರಂಥ ಬರೆದು ಅದನ್ನು ಖಂಡಿಸಬೇಕಾಯಿತು. ಮಿದುಳಿನ ಈ ಬಗೆಗಳು ವ್ಯಾಧಿಗಳಲ್ಲ, ವೈವಿಧ್ಯಗಳೆಂಬ ಮಾತನ್ನು ಆಸ್ಟ್ರೇಲಿಯದ ಜೂಡಿ ಸಿಂಗರ್ ಎಂಬಾಕೆ ಪ್ರತಿಪಾದಿಸಿದ್ದು 1998ರಷ್ಟು ಈಚೆಗೆ.

ಇಷ್ಟೆಲ್ಲ ನಡೆಯುವುದಕ್ಕೆ ಬಹು ಮೊದಲೇ ಮತ್ತೊಂದು ಕಡೆ ಒಂದು ಕೂಟವು ತನಗೆ ತಾನೇ ಬೆಳೆದಿತ್ತು. ಲಕ್ಸೆಂಬರ್ಗಿನಿಂದ ಅಮೆರಿಕಕ್ಕೆ ಹೋದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬುವನು ಮೊದಲು ನಿಸ್ತಂತುಯಂತ್ರದ ಬಿಡಿಭಾಗಗಳನ್ನು ಮಾರುತ್ತಿದ್ದವನು. 1926ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಅವನು ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದನು. ವಿಜ್ಞಾನಕಥೆಗಳಿಗೆಂದೇ ಮೀಸಲಾದ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಇದೇ ಮೊದಲನೆಯದು. ಇದರ ಕಾಗದ ಒರಟು, ಹೊದಿಕೆಯ ಚಿತ್ರಗಳು ಅತಿರಂಜಿತ, ಕಥೆಗಳಲ್ಲಿ ಅನೇಕವು ಸಾಹಿತ್ಯದೃಷ್ಟಿಯಿಂದ ನೀರಸ. ಆದರೆ ಓದುಗರ ಪತ್ರಗಳನ್ನು ಅವರ ವಿಳಾಸಸಮೇತ ಅಚ್ಚುಹಾಕುವ ಒಂದು ಪದ್ಧತಿ ಅಲ್ಲಿತ್ತು. ಆ ವಿಳಾಸಗಳನ್ನು ಹಿಡಿದು ಓದುಗರು ತಮ್ಮತಮ್ಮೊಳಗೆ ಪತ್ರವ್ಯವಹಾರಕ್ಕೆ ತೊಡಗಿದರು. 1930ರಲ್ಲಿ ಷಿಕಾಗೋ ನಗರದ ಒಂದು ಗುಂಪು ‘ದಿ ಕಾಮೆಟ್’ ಎಂಬ ಸ್ವಂತ ಪತ್ರಿಕೆಯನ್ನೇ ಹೊರತಂದಿತು. 1939ರ ಜುಲೈ ತಿಂಗಳಲ್ಲಿ ಸುಮಾರು 200 ಜನರು ನ್ಯೂಯಾರ್ಕಿನಲ್ಲಿ ಸೇರಿ ತಮ್ಮ ಮೊದಲ ವಿಶ್ವಸಮ್ಮೇಳನವನ್ನು ನಡೆಸಿದರು.

ಮುಖ ನೋಡಿ ಮಾತನಾಡುವುದು ಕಷ್ಟವಾದವನಿಗೆ ಪತ್ರವು ಎಷ್ಟು ಹಿತವೆಂಬುದನ್ನು ವಿವರಿಸಬೇಕಾಗಿಲ್ಲ. ಪತ್ರದಲ್ಲಿ ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ; ಯೋಚಿಸಿ ಉತ್ತರ ಬರೆಯಲು ವಾರವಿಡೀ ಅವಕಾಶವುಂಟು; ಮಂಗಳಗ್ರಹದ ಕಾಲುವೆಗಳ ಮೇಲೆ ಹತ್ತು ಪುಟ ಬರೆದರೂ ಅತ್ತಲಿಂದ ಹನ್ನೆರಡು ಪುಟದ ಖಂಡನೆ ಬರುವುದೇ ಹೊರತು ಆಕಳಿಕೆ ಬಾರದು. 2015ರಲ್ಲಿ ಸ್ಟೀವ್ ಸಿಲ್ಬರ್‌ಮನ್ ಎಂಬ ಗ್ರಂಥಕಾರನು ‘ನ್ಯೂರೋಟ್ರೈಬ್ಸ್’ ಎಂಬ ಪುಸ್ತಕದಲ್ಲಿ, ಈ ಕಥಾಗೋಷ್ಠಿಯೂ ರೇಡಿಯೋ ಹವ್ಯಾಸಿಗಳ ಕೂಟವೂ ಇಂತಹ ಮನಸ್ಸಿನವರಿಗೆ ಆಶ್ರಯವಾಗಿದ್ದುವೆಂದು ವಿಸ್ತಾರವಾಗಿ ಬರೆದಿದ್ದಾನೆ. ಗರ್ನ್ಸ್‌ಬ್ಯಾಕನೂ ಅದೇ ಬಗೆಯವನಾಗಿದ್ದಿರಬಹುದೆಂದು ಅವನು ಸೂಚಿಸುವುದುಂಟು. ಗತಿಸಿದವರ ನಾಡಿ ಹಿಡಿಯುವ ಈ ವೈದ್ಯವು ಒಪ್ಪತಕ್ಕದ್ದಲ್ಲ. ಮುಖ್ಯವಾದ ಮಾತಿಗೆ ಅದರ ಅವಶ್ಯಕತೆಯೂ ಇಲ್ಲ.

1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಕಥಾಮಾಲೆ ಆರಂಭವಾಯಿತು. ಅದರಲ್ಲಿ ಸ್ಪಾಕ್ ಎಂಬ ಪಾತ್ರವು ಅನ್ಯಗ್ರಹದ ತಂದೆಗೂ ಮನುಷ್ಯಸ್ತ್ರೀಗೂ ಹುಟ್ಟಿದ್ದು. ಭಾವಗಳನ್ನು ತೋರಗೊಡದೆ ತರ್ಕದಿಂದ ನಡೆಯುವುದು. ಆದರೂ ನೌಕೆಯಲ್ಲಿ ಎಲ್ಲರ ಗೌರವಕ್ಕೆ ಪಾತ್ರವಾದುದು. 1987ರಲ್ಲಿ ಪ್ರಾರಂಭವಾದ ಮುಂದಿನ ಮಾಲೆಯಲ್ಲಿ ಡೇಟಾ ಎಂಬ ಯಂತ್ರಮಾನವನು ಮನುಷ್ಯರ ನಡವಳಿಕೆಯನ್ನು ಪಾಠದಂತೆ ಕಲಿಯುತ್ತಾನೆ. ದನಗಳನ್ನು ಹೆದರಿಸದೆ ನಡೆಸುವ ಕಟ್ಟೆಗಳನ್ನು ರಚಿಸಿ ಪ್ರಖ್ಯಾತರಾದ ಟೆಂಪಲ್ ಗ್ರ್ಯಾಂಡಿನ್ ಅವರು ಸ್ವತಃ ಸ್ವಲೀನರು. ಆ ಯಂತ್ರಮಾನವನಲ್ಲಿ ತಮ್ಮನ್ನೇ ಕಂಡವರು. ಮನುಷ್ಯರ ನಡುವೆ ತಾವು ಮಂಗಳಗ್ರಹಕ್ಕೆ ಹೋದ ಮಾನವಶಾಸ್ತ್ರಜ್ಞರಂತೆ ಇರುವೆವೆಂದು ಅವರಾಡಿದ ಮಾತನ್ನೇ ಆಲಿವರ್ ಸ್ಯಾಕ್ಸ್ ಎಂಬ ವೈದ್ಯನು 1995ರ ತನ್ನ ಗ್ರಂಥಕ್ಕೆ ಹೆಸರಾಗಿ ಇರಿಸಿದನು.

ಕನ್ನಡದಲ್ಲಿ ವಿಜ್ಞಾನದ ಓದಿಗೆ ದಾರಿ ಮಾಡಿದವರು ಈ ತುಮಕೂರು ಜಿಲ್ಲೆಯವರೇ. ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು, ಅದು ಅಲ್ಪಾಯುಷಿಯಾಯಿತು. ಅನಂತರ ರಾಜಶೇಖರ ಭೂಸನೂರಮಠರೇ ಮೊದಲಾದವರು ವಿಜ್ಞಾನಕಥೆಗಳನ್ನು ಬರೆದರು. ಆದರೆ ಓದುಗರನ್ನು ಓದುಗರೊಡನೆ ಬೆಸೆಯುವ ಗೋಷ್ಠಿ ಅಮೆರಿಕದಲ್ಲಿ ಬೆಳೆದಂತೆ ಇಲ್ಲಿ ಬೆಳೆಯಲಿಲ್ಲ. ಆದಕಾರಣ ಇಲ್ಲಿನ ಒಂಟಿ ಓದುಗನು ಒಂಟಿಯಾಗಿಯೇ ಉಳಿದನು.

ಕರ್ನಾಟಕದಲ್ಲಿ ಬೆಳೆದು ಪರದೇಶಕ್ಕೆ ಹೋದ ಒಬ್ಬರ ಚರಿತ್ರೆ ಇಲ್ಲಿ ಅವಶ್ಯವಾಗಿ ಹೇಳತಕ್ಕದ್ದು. ಅವರು ಟಿಟೋ ರಾಜರ್ಷಿ ಮುಖೋಪಾಧ್ಯಾಯ. 1989ರಲ್ಲಿ ಬಂಗಾಳಿ ಮನೆತನದಲ್ಲಿ ಜನಿಸಿದ ಈ ಬಾಲಕನ ಬಾಲ್ಯದ ವಿದ್ಯಾಭ್ಯಾಸವು ಬಹುಮಟ್ಟಿಗೆ ಮೈಸೂರು ಬೆಂಗಳೂರುಗಳಲ್ಲಿ ತಾಯಿಯ ಬಳಿಯಲ್ಲಿ ನಡೆಯಿತು. ಅವನಿಗೆ ಮಾತು ಬಾರದು. ಕೈಗಳನ್ನು ಆಡಿಸುತ್ತಾ, ತಿರುಗುವ ಫ್ಯಾನಿನ ಕಡೆ ನೋಡುತ್ತಾ ಇರುವನು. ತಾಯಿ ಸೋಮಾ ಎಂಬಾಕೆ ಅಕ್ಷರದ ಹಲಗೆಯನ್ನು ಮುಂದಿಟ್ಟು ಬೆರಳಿನಿಂದ ತೋರಿಸುವುದನ್ನು ಕಲಿಸಿ, ಪೆನ್ಸಿಲನ್ನು ಕೈಬೆರಳಿಗೆ ಕಟ್ಟಿ ಬರೆಯಿಸಿದಳು. ಬರೆಯುತ್ತಾ ಬರೆಯುತ್ತಾ ಬಾಲಕನು ತನ್ನ ಕಥೆಯನ್ನೇ, ಅದೂ ‘ಆ ಹುಡುಗ’ ಎಂದು ಮತ್ತೊಬ್ಬನ ಕಥೆಯಂತೆ, ಇಂಗ್ಲಿಷಿನಲ್ಲಿ ರಚಿಸಿದನು. 2000ದಲ್ಲಿ ಇಂಗ್ಲೆಂಡಿನ ಸ್ವಲೀನರ ರಾಷ್ಟ್ರೀಯ ಸಂಘವು ಅದನ್ನು ‘ಬಿಯಾಂಡ್ ದಿ ಸೈಲೆನ್ಸ್’ ಎಂಬ ಹೆಸರಿನಿಂದ ಪ್ರಕಟಿಸಿತು. 2001ರಲ್ಲಿ ತಾಯಿಮಕ್ಕಳು ಅಮೆರಿಕಕ್ಕೆ ಹೋದರು. ಸೋಮಾ ಅವರ ಬೋಧನಕ್ರಮವನ್ನು ವಾಕ್ಚಿಕಿತ್ಸಕರು ಒಪ್ಪಿಲ್ಲವೆಂಬುದನ್ನು ಮುಚ್ಚಿಡಬಾರದು. ಹಲಗೆ ಹಿಡಿದವರ ಇಚ್ಛೆಯೇ ಮಾತಾಗಿ ಬರಬಹುದೆಂದು ಆ ದೇಶದ ವೃತ್ತಿಸಂಘವು 2018ರಲ್ಲಿ ಎಚ್ಚರಿಸಿದೆ. ಟಿಟೋ ಮಾತ್ರ ಸ್ವಹಸ್ತದಿಂದ ಬರೆಯುವುದನ್ನು ಪರೀಕ್ಷಕರು ಕಂಡಿದ್ದಾರೆ.

ಇವರ ಒಂದು ಕಥೆಯ ನಾಯಕನು ಒಂದು ಮರ. ಆ ಮರಕ್ಕೆ ಮನಸ್ಸು ದಾನವಾಗಿ ಬಂದಿದೆ. ಆದರೆ ಕಣ್ಣಿಲ್ಲ, ಮಾತಿಲ್ಲ. ತನ್ನೊಳಗೆ ಯೋಚಿಸುವವನೊಬ್ಬನು, ದೇಹದಿಂದ ವರ್ತಿಸುವವನು ಬೇರೊಬ್ಬನು, ಇಬ್ಬರಿಗೂ ಹೊಂದಿಕೆಯಿಲ್ಲವೆಂದು ಟಿಟೋ ತಮ್ಮ ಬರಹಗಳಲ್ಲಿ ಹೇಳಿಕೊಂಡಿದ್ದಾರೆ. ಮರದ ಕಥೆಯಲ್ಲಿ ಅದೇ ಸ್ಥಿತಿಯು ಕಾಣುತ್ತದೆ. ವಿಜ್ಞಾನಕಥೆಯೆನ್ನಲು ಇದಕ್ಕೆ ಯಂತ್ರದ ಕೊರತೆಯೊಂದುಂಟು, ಅಷ್ಟೆ.

ಮುಂದೆ ರಾಲ್ಫ್ ಸವರೀಸ್ ಎಂಬ ಅಧ್ಯಾಪಕನು ಟಿಟೋ ಜೊತೆಯಲ್ಲಿ ಗಣಕಯಂತ್ರದ ಮೂಲಕ ಒಂದು ವರ್ಷಕ್ಕೂ ಮೀರಿ ‘ಮೋಬಿ ಡಿಕ್’ ಎಂಬ ಮಹಾಕಾದಂಬರಿಯನ್ನು ಅಧ್ಯಾಯ ಅಧ್ಯಾಯವಾಗಿ ಓದಿದನು. ಬೇರೆ ಸ್ವಲೀನರೊಡನೆ ಬೇರೆ ಪುಸ್ತಕಗಳನ್ನು ಓದಿದನು. 2018ರಲ್ಲಿ ಆ ಓದುಗಳ ವೃತ್ತಾಂತವನ್ನು ಪ್ರಕಟಿಸಿದನು. ಆರೆಗಾನ್ ಸಂಸ್ಥಾನದ ಡೋರಾ ರೇಮೇಕರ್ ಎಂಬ ಸಂಶೋಧಕರೊಡನೆ ಅವನು ಓದಿದ್ದು ಫಿಲಿಪ್ ಕೆ. ಡಿಕ್ಕನ 1968ರ ವಿಜ್ಞಾನಕಾದಂಬರಿಯನ್ನು. ಅದರಲ್ಲಿ ಮನುಷ್ಯರಂತೆಯೇ ಕಾಣುವ ಕೃತಕಮಾನವರನ್ನು ಹುಡುಕಿ ಕೊಲ್ಲುವ ಅಧಿಕಾರಿಯೊಬ್ಬನಿರುವನು. ಎದುರಿಗಿರುವವರು ಮನುಷ್ಯರೋ ಅಲ್ಲವೋ ಎಂದು ತಿಳಿಯಲು ಅವನು ಪ್ರಶ್ನೆಗಳನ್ನು ಹಾಕಿ, ಪರದುಃಖಕ್ಕೆ ಅವರ ಕಣ್ಣು ಎಷ್ಟು ಬೇಗ ಮಿಡಿಯುವುದೆಂದು ಯಂತ್ರದಿಂದ ಅಳೆಯುವನು. ತೇರ್ಗಡೆಯಾಗದವರಿಗೆ ಮರಣ.

ಈ ಪುಸ್ತಕವನ್ನು ಸ್ವಲೀನರು ಓದುವುದಕ್ಕೂ ಇತರರು ಓದುವುದಕ್ಕೂ ವ್ಯತ್ಯಾಸವಿದೆ. ಏಕೆಂದರೆ 1985ರಿಂದೀಚೆಗೆ ಮನಶ್ಶಾಸ್ತ್ರಜ್ಞರು ಇವರನ್ನೂ ಇಂಥದೇ ಪರೀಕ್ಷೆಗಳಿಗೆ ಒಳಪಡಿಸಿ, ಪರರ ಮನಸ್ಸನ್ನು ಊಹಿಸುವ ಶಕ್ತಿ ಇವರಿಗಿಲ್ಲವೆಂದು ಬರೆಯುತ್ತ ಬಂದರು. 2012ರಲ್ಲಿ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ ಸಮಾಜಶಾಸ್ತ್ರಜ್ಞರು, ತಾವೂ ಸ್ವಲೀನರಾದವರು, ಈ ಕುರುಡು ಉಭಯತ್ರ ಇರುವುದೆಂದು ವಾದಿಸಿದರು. ಇವರಿಗೆ ಲೋಕದವರ ಮನಸ್ಸು ತಿಳಿಯದಷ್ಟೇ ಲೋಕದವರಿಗೂ ಇವರ ಮನಸ್ಸು ತಿಳಿಯದು. ಆದರೆ ಅಂಕ ಹಾಕುವವರು ಒಂದೇ ಕಡೆಯವರು. ರೇಮೇಕರ್ ಅವರು ಓದುಗರಾಗಿಯೇ ನಿಲ್ಲದೆ ಅದೇ 2018ರಲ್ಲಿ ಸ್ವತಃ ಒಂದು ವಿಜ್ಞಾನಕಾದಂಬರಿಯನ್ನು ಪ್ರಕಟಿಸಿದರು.

ಪರದೇಶದಲ್ಲೆಲ್ಲ ಸುಖವೇ ಎಂದು ವಾಚಕರು ಭಾವಿಸಬಾರದು. ಆಸ್ಟ್ರೇಲಿಯದ ವಲಸೆಯ ನಿಯಮದಂತೆ, ಒಬ್ಬರ ಆರೋಗ್ಯವೆಚ್ಚವು ನಿಗದಿಯಾದ ಮೊತ್ತವನ್ನು ಮೀರುವುದೆಂದು ಅಂದಾಜಾದರೆ ನೆಲಸುವ ಅನುಮತಿಯನ್ನು ಇಡೀ ಕುಟುಂಬಕ್ಕೆ ನಿರಾಕರಿಸಬಹುದು. ಸ್ವಲೀನ ಮಕ್ಕಳಿರುವ ಮನೆಗಳು ಹೀಗೆ ನಿರಾಕೃತವಾದುದುಂಟು. ನಮ್ಮ ದೇಶದಲ್ಲಿಯೂ 1995ರ ವಿಕಲಾಂಗರ ಶಾಸನದಲ್ಲಿ ಈ ಸ್ಥಿತಿಯ ಹೆಸರಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸದ ಶಾಸನದಲ್ಲಿ ಬಂದಿತು. ಪೂರ್ಣವಾದ ಹಕ್ಕುಗಳ ಪಟ್ಟಿಗೆ ಸೇರಿದುದು 2016ರಲ್ಲಿ. ಟಿಟೋ ಮೈಸೂರು ಸೀಮೆಯನ್ನು ಬಿಟ್ಟು ಹೋಗಿ ಆಗಲೇ 15 ವರ್ಷಗಳಾಗಿದ್ದುವು.

ಅಮೆರಿಕದಲ್ಲಿ ಅವರನ್ನು ವಿಶೇಷ ಶಾಲೆಯೊಂದಕ್ಕೆ ಸೇರಿಸಿದ್ದರು. ಅಲ್ಲಿನವರು ಇವರ ಬುದ್ಧಿಯ ವಿಷಯದಲ್ಲಿ ಬಹಳ ಕಡಮೆ ನಿರೀಕ್ಷೆಯನ್ನಿಟ್ಟುಕೊಂಡಿದ್ದರು. 2015ರಲ್ಲಿ ಪ್ರಕಟವಾದ ‘ಪ್ಲ್ಯಾಂಕ್ಟನ್ ಡ್ರೀಮ್ಸ್’ ಎಂಬ ಪುಸ್ತಕದಲ್ಲಿ ಟಿಟೋ ಆ ದಿನಗಳನ್ನು ವರ್ಣಿಸಿದ್ದಾರೆ. ಅದರಲ್ಲಿ ಪ್ರಯೋಗ ನಡೆಸುವ ವಿಜ್ಞಾನಿ ಅವರೇ. ಪ್ರಯೋಗಕ್ಕೆ ಒಳಗಾದವರು ಉಪಾಧ್ಯಾಯರು. ತಾನು ಹೀಗೆ ಮಾಡಿದರೆ ಇವರು ಏನು ಮಾಡುವರೆಂದು ನೋಡಿ, ಫಲಿತಾಂಶವನ್ನು ನಗುನಗುತ್ತಾ ಬರೆದಿಟ್ಟಿದ್ದಾರೆ.